‘ಡಿಯರ್ ಅಪ್ಲಿಕಂಟ್’ ಅಂತ ಬಂದ ನಾಲ್ಕು ಸಾಲು

ಪ್ರಶ್ನೆ: ನಾವು ಮೈಸೂರಿನವರು. ಮಗಳು ಈಗಷ್ಟೇ ಸಿಬಿಎಸ್‌ಇ 12ನೇ ತರಗತಿ ಪರೀಕ್ಷೆ ಮುಗಿಸಿದ್ದಾಳೆ. ಜೀವಶಾಸ್ತ್ರ ಓದಬೇಕು ಅಂತ ಅಮೆರಿಕದ ಹತ್ತು ಕಾಲೇಜುಗಳಿಗೆ ಅರ್ಜಿ ಹಾಕಿದ್ದಳು. ಏಳು ಕಡೆ ಇಲ್ಲ ಅಂದರು. ಎರಡು ಕಡೆ ವೇಯ್ಟ್‌ಲಿಸ್ಟ್. ಒಂದು ಕಡೆ ಸೀಟು ಕೊಟ್ಟಿದ್ದಾರೆ, ಕೇಳಿದಷ್ಟು ಸಹಾಯಧನ ಇಲ್ಲ. ಅವಳಿಗೆ ತುಂಬಾ ಇಷ್ಟವಿದ್ದ ಕಾಲೇಜಿನ ಪತ್ರ ನಮ್ಮನ್ನು ಕಾಡುತ್ತಿದೆ. ‘ಡಿಯರ್ ಅಪ್ಲಿಕಂಟ್’ ಅಂತ ಶುರು. ಹೆಸರೂ ಇಲ್ಲ. ನಾಲ್ಕೇ ಸಾಲು. ಮೂರು ದಿನ ಬಿಟ್ಟು ಅದೇ ಕಾಲೇಜಿನಿಂದ ‘ನಮ್ಮ ಕ್ಯಾಂಪಸ್ ನೋಡಲು ಬನ್ನಿ’ ಅಂತ ಇನ್ನೊಂದು ಮೇಲ್ ಬಂತು. ಅವಳು ಅಜ್ಜಿಯ ಮರೆವಿನ ಕಾಯಿಲೆ ಬಗ್ಗೆ ಪ್ರಬಂಧ ಬರೆದಿದ್ದಳು. ‘ಅವರು ನಮ್ಮಜ್ಜೀನೇ ಬೇಡ ಅಂದ್ಬಿಟ್ರು’ ಅಂತ ಅಳುತ್ತಾಳೆ. ಪ್ರಬಂಧದಲ್ಲಿ ಏನಾದರೂ ತಪ್ಪಿತ್ತಾ? ಕಾರಣ ಕೇಳಿ ಬರೆಯಬಹುದಾ? ಒಬ್ಬ ಏಜೆಂಟ್ ‘ಅಪೀಲ್ ಮಾಡಿ ಸೀಟು ತೆಗೆಸಿಕೊಡ್ತೀನಿ’ ಅಂತ ಎರಡು ಲಕ್ಷ ಕೇಳುತ್ತಿದ್ದಾನೆ. ಈ ರಿಜೆಕ್ಷನ್‌ಗಳು ಮುಂದೆ ವೀಸಾಕ್ಕೆ, ಎಂ.ಎಸ್.ಗೆ ಅಡ್ಡ ಬರುತ್ತವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎರಡು ಸಂಕಟ ಒಂದರೊಳಗೊಂದು ಸಿಕ್ಕಿಕೊಂಡಿವೆ. ಸೀಟು ಯಾಕೆ ಸಿಗಲಿಲ್ಲ ಅನ್ನುವುದು ಒಂದು. ಇಲ್ಲ ಅನ್ನುವ ಮಾತನ್ನು ಇಷ್ಟು ಒರಟಾಗಿ ಯಾಕೆ ಹೇಳಿದರು ಅನ್ನುವುದು ಇನ್ನೊಂದು. ನಿಮ್ಮ ಮಗಳು ಎರಡನೆಯದರಲ್ಲಿ ಮೊದಲನೆಯದಕ್ಕೆ ಉತ್ತರ ಹುಡುಕುತ್ತಿದ್ದಾಳೆ. ಪತ್ರ ಹೀಗಿದೆ ಅಂದರೆ ನನ್ನಲ್ಲಿ ಅವರಿಗೆ ಏನೋ ಕೆಟ್ಟದ್ದು ಕಂಡಿರಬೇಕು ಅಂತ ಅವಳ ಲೆಕ್ಕ. ಆದರೆ ಆ ನಾಲ್ಕು ಸಾಲು ಬರೆದವರು ಅವಳ ಅರ್ಜಿ ನೋಡಿಯೇ ಇಲ್ಲ. ಅವಳು ಅರ್ಜಿ ಹಾಕುವ ಮೊದಲೇ ಆ ಪತ್ರ ತಯಾರಾಗಿತ್ತು.

ನಾನು ಇದನ್ನು ಊಹೆಯ ಮೇಲೆ ಹೇಳುತ್ತಿಲ್ಲ. ಬೆಂಗಳೂರಿಗೆ ಬಂದು ಈ ಸಲಹೆಯ ಕೆಲಸ ಹಿಡಿಯುವ ಮೊದಲು ಅಮೆರಿಕದ ಒಂದು ಕಾಲೇಜಿನಲ್ಲಿ ಎರಡು ವರ್ಷ ಅರ್ಜಿ ಓದುತ್ತಿದ್ದೆ. ತಿರಸ್ಕಾರದ ಪತ್ರದ ಕರಡು ಆಗಸ್ಟ್‌ನಲ್ಲೇ ನಮ್ಮ ಟೇಬಲ್ ಮೇಲೆ ಬಂದಿತ್ತು. ಯಾರೋ ಪುಣ್ಯಾತ್ಮರು ಅದರಲ್ಲಿ ‘ನಿಮ್ಮ ಪ್ರಬಂಧವನ್ನು ಖುಷಿಯಿಂದ ಓದಿದೆವು’ ಅಂತ ಒಂದು ಸಾಲು ಸೇರಿಸಿದ್ದರು. ಕರಡು ವಕೀಲರ ಕಡೆ ಹೋಗಿ ವಾಪಸ್ ಬಂದಾಗ ಆ ಸಾಲಿನ ಮೇಲೆ ಗೀಟು ಬಿದ್ದಿತ್ತು. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದೇ ಪದ: ‘ಎಲ್ಲರದ್ದೂ?’ ಖುಷಿಯಿಂದ ಓದಿದಿರಿ ಅಂದ ಮೇಲೆ ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಒಬ್ಬರು ಕೇಳಿದರೆ ಏನು ಹೇಳುತ್ತೀರಿ ಅನ್ನುವುದು ಅವರ ತಕರಾರು. ‘ಮುಂದೆ ಎಂದಾದರೂ ಭೇಟಿಯಾಗೋಣ’ ಅನ್ನುವ ಸಾಲೂ ಹೋಯಿತು. ಅದನ್ನು ನೋಡಿ ಕೆಲವು ಮನೆಯವರು ಇನ್ನೂ ಬಾಗಿಲು ತೆರೆದಿದೆ ಅಂದುಕೊಂಡು ಫೋನ್ ಮಾಡುತ್ತಾರಂತೆ. ಹೀಗೆ ಒಬ್ಬೊಬ್ಬರು ಒಂದೊಂದು ಬೆಚ್ಚಗಿನ ಮಾತು ಕಿತ್ತು ಹಾಕಿದ ಮೇಲೆ ಉಳಿಯುವುದು ಯಾರದ್ದೂ ಅಲ್ಲದ, ಯಾರಿಗೂ ಅಲ್ಲದ ನಾಲ್ಕು ಸಾಲು. ಅದನ್ನು ಒಂದು ಗುಂಡಿ ಒತ್ತಿ ಸಾವಿರಾರು ಜನರಿಗೆ ಕಳಿಸುತ್ತಾರೆ.

ಹಾಗಂತ ನಾನು ಅವರ ಪರ ವಾದ ಮಾಡುತ್ತಿಲ್ಲ. ಹೆಸರು ಹಾಕಲು ಕಂಪ್ಯೂಟರ್‌ಗೆ ಒಂದು ಕ್ಷಣ ಸಾಕು. ಫೀಸು ಕಟ್ಟು ಅನ್ನುವಾಗ ಹೆಸರು ಗೊತ್ತಿತ್ತಲ್ಲ?

ನನ್ನ ಪ್ರಕಾರ ನಿಜವಾದ ಒರಟುತನ ಪದಗಳಲ್ಲಿಲ್ಲ, ತಕ್ಕಡಿಯಲ್ಲಿದೆ. ಹಲವು ಕಾಲೇಜುಗಳಿಗೆ ಒಂದೇ ನಮೂನೆಯಲ್ಲಿ ಅರ್ಜಿ ಹಾಕುವ ಕಾಮನ್ ಆ್ಯಪ್‌ನ ಪ್ರಬಂಧ ಹೆಚ್ಚೆಂದರೆ 650 ಪದ. ನಿನ್ನ ಬದುಕಿನಲ್ಲಿ ನಿನ್ನನ್ನು ಅಲ್ಲಾಡಿಸಿದ್ದು ಯಾವುದು, ಮನಸ್ಸು ಬಿಚ್ಚಿ ಬರಿ ಅಂತಾರೆ. ಹದಿನೇಳು ವರ್ಷದ ಹುಡುಗಿ ಅಜ್ಜಿ ತನ್ನನ್ನು ಗುರುತು ಹಿಡಿಯದ ದಿನದ ಬಗ್ಗೆ ಬರೆಯುತ್ತಾಳೆ. ಅದಕ್ಕೆ ಉತ್ತರವಾಗಿ ನಾಲ್ಕು ಸಾಲು ಬಂದರೆ ಅದು ಸೀಟಿನ ವಿಷಯ ಅಂತ ಮನಸ್ಸಿಗೆ ಅನಿಸುವುದಿಲ್ಲ, ಅಜ್ಜಿಯ ವಿಷಯ ಅಂತಲೇ ಅನಿಸುತ್ತದೆ. ನಮ್ಮ ಕೆಸಿಇಟಿಯಲ್ಲಿ ಈ ತೊಂದರೆ ಇಲ್ಲ, ನೋಡಿ. ರ‍್ಯಾಂಕ್ ಬರುತ್ತದೆ, ಕಟ್‌ಆಫ್ ಬರುತ್ತದೆ, ಸೀಟು ಬಂತು ಅಥವಾ ಬರಲಿಲ್ಲ. ಬೇಜಾರಾಗುತ್ತದೆ, ಆದರೆ ‘ನಾನು ಎಂಥ ಮನುಷ್ಯಳು’ ಅನ್ನುವ ಪ್ರಶ್ನೆ ಏಳುವುದಿಲ್ಲ. ಯಾಕೆಂದರೆ ಕೆಇಎ ನಮ್ಮ ಅಜ್ಜಿಯ ಬಗ್ಗೆ ಕೇಳಿರಲೇ ಇಲ್ಲ.

ಆ ಟೂರ್ ಮೇಲ್ ವಿಷಯಕ್ಕೆ ಬರುತ್ತೇನೆ. ಅದು ಅಣಕವಲ್ಲ, ಬೇಜವಾಬ್ದಾರಿ. ಅಮೆರಿಕದ ಕಾಲೇಜುಗಳು ಮಕ್ಕಳ ಹೆಸರು, ವಿಳಾಸಗಳನ್ನು ದುಡ್ಡು ಕೊಟ್ಟು ತರಿಸುತ್ತವೆ. ಅಲ್ಲಿನ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಒಂದೊಂದು ಹೆಸರನ್ನು 47 ಸೆಂಟ್‌ಗೆ ಕೊಡುತ್ತದೆ ಅಂತ 2019ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಬರೆದಿತ್ತು. ‘ನಿನ್ನಂಥವರೇ ನಮಗೆ ಬೇಕು’ ಅನ್ನುವ ಮೇಲ್‌ಗಳು ಶುರುವಾಗುವುದು ಅಲ್ಲಿಂದ. ಆ ಪಟ್ಟಿ ಪ್ರಚಾರದವರ ಕೈಯಲ್ಲಿ, ತೀರ್ಮಾನದ ಪಟ್ಟಿ ಅಡ್ಮಿಷನ್‌ನವರ ಕೈಯಲ್ಲಿ. ಎರಡು ಪಟ್ಟಿಗಳು ಒಂದನ್ನೊಂದು ಮಾತಾಡಿಸುವುದಿಲ್ಲ. ಅರ್ಜಿಗಳು ಜಾಸ್ತಿ ಬಂದಷ್ಟೂ ಸೀಟು ಸಿಗುವ ಪ್ರಮಾಣ ಇಳಿಯುತ್ತದೆ, ಕಾಲೇಜಿನ ಡೌಲು ಏರುತ್ತದೆ. ಹಾಗಾಗಿ ಕರೆಯುವುದರಲ್ಲಿ ಯಾರೂ ಜಿಪುಣರಲ್ಲ.

ಇದಕ್ಕಿಂತ ದೊಡ್ಡ ಎಡವಟ್ಟುಗಳೂ ಆಗಿವೆ. 2009ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್, ಸೀಟು ಇಲ್ಲ ಅಂತ ಹೇಳಿದ್ದ ಸುಮಾರು 28 ಸಾವಿರ ಮಕ್ಕಳಿಗೂ ‘ನೀವು ಆಯ್ಕೆಯಾಗಿದ್ದೀರಿ’ ಅಂತ ಮೇಲ್ ಕಳಿಸಿತ್ತು. 2014ರ ಡಿಸೆಂಬರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಇದೇ ತಪ್ಪು ಮಾಡಿತು, 294 ಮಕ್ಕಳಿಗೆ. ಮರುವರ್ಷ ಫೆಬ್ರುವರಿಯಲ್ಲಿ ಕಾರ್ನೆಗಿ ಮೆಲನ್ ಕಂಪ್ಯೂಟರ್ ಸೈನ್ಸ್ ಎಂ.ಎಸ್.ಗೆ ಅರ್ಜಿ ಹಾಕಿದ್ದ ಸುಮಾರು 800 ಜನರಿಗೆ ಸ್ವಾಗತ ಕೋರಿ, ಕೆಲವೇ ಗಂಟೆಯಲ್ಲಿ ‘ಕ್ಷಮಿಸಿ, ತಪ್ಪಾಯಿತು’ ಅಂದಿತು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಸ್ವೀಟ್ ಹಂಚಿದ್ದರೋ.

ಇನ್ನು ಸೀಟು ಯಾಕೆ ಸಿಗಲಿಲ್ಲ? ಹಾರ್ವರ್ಡ್‌ಗೆ 2024ರಲ್ಲಿ 54,008 ಅರ್ಜಿ ಬಂದಿದ್ದವು. ಹೆಚ್ಚುಕಡಿಮೆ ನಿಮ್ಮ ಪಕ್ಕದ ನಂಜನಗೂಡು ಪೇಟೆಯ ಜನರೆಲ್ಲ ಅರ್ಜಿ ಹಾಕಿದ ಹಾಗೆ. ತೆಗೆದುಕೊಂಡದ್ದು 1,937. ಅಷ್ಟೂ ಸೀಟು ಸಮನಾದ ಪೈಪೋಟಿಗೆ ಸಿಗುತ್ತವಾ ಅಂದರೆ ಅದೂ ಇಲ್ಲ. ಸೀಟು ಕೊಡುವಾಗ ಜನಾಂಗ ನೋಡುತ್ತಾರೆ ಅಂತ ಹಾರ್ವರ್ಡ್ ಮೇಲೆ ಹಾಕಿದ್ದ ದೊಡ್ಡ ಕೇಸಿನಲ್ಲಿ ಲೆಕ್ಕಗಳೆಲ್ಲ ಹೊರಗೆ ಬಂದವು. ಕ್ರೀಡಾಪಟುಗಳು, ಅಲ್ಲೇ ಓದಿದವರ ಮಕ್ಕಳು, ಅಲ್ಲಿ ಕೆಲಸ ಮಾಡುವವರ ಮಕ್ಕಳು, ಅಡ್ಮಿಷನ್ ಡೀನ್ ವಿಶೇಷವಾಗಿ ಗುರುತು ಹಾಕಿಟ್ಟ ಪಟ್ಟಿಯಲ್ಲಿರುವ ದಾನಿಗಳ ಕಡೆಯವರಂಥವರು, ಇವರೆಲ್ಲ ಸೇರಿ ಅರ್ಜಿದಾರರಲ್ಲಿ ಸುಮಾರು ಶೇ. 5. ಸೀಟು ಸಿಕ್ಕವರಲ್ಲಿ ಸುಮಾರು ಶೇ. 30. ಆ ಕೇಸ್ 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ನಲ್ಲಿ ಜನಾಂಗದ ಪ್ರಶ್ನೆಯ ಮೇಲೆ ತೀರ್ಮಾನವಾಯಿತು. ಈ ಶೇ. 30ರ ಬಾಗಿಲನ್ನು ಕೋರ್ಟ್ ಮುಚ್ಚಲಿಲ್ಲ.

ನಿಮಗೆ ಇದಕ್ಕಿಂತ ಹತ್ತಿರದ ಕಾರಣ ಒಂದಿದೆ. ನೀವು ಸಹಾಯಧನ ಕೇಳಿದ್ದೀರಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮೌತ್ ಥರದ ಬೆರಳೆಣಿಕೆಯ ಕಾಲೇಜುಗಳು ಮಾತ್ರ ಹೊರದೇಶದ ಮಕ್ಕಳ ಅರ್ಜಿ ಓದುವಾಗ ದುಡ್ಡಿನ ವಿಷಯ ನೋಡುವುದಿಲ್ಲ. ಉಳಿದವು ನೋಡುತ್ತವೆ, ನೋಡುತ್ತೇವೆ ಅಂತ ಹೇಳಿಯೂ ಹೇಳುತ್ತವೆ, ಸಣ್ಣ ಅಕ್ಷರದಲ್ಲಿ. ನಾನು ಓದುತ್ತಿದ್ದ ಕಾಲೇಜಿನಲ್ಲೂ ಹಾಗೇ. ಮಾರ್ಚ್ ಹೊತ್ತಿಗೆ ಹೊರದೇಶದವರಿಗೆ ಇಟ್ಟ ಹಣ ಖಾಲಿಯಾಗುತ್ತಿತ್ತು. ಆಮೇಲೆ ಎಷ್ಟೇ ಒಳ್ಳೆಯ ಅರ್ಜಿ ಬಂದರೂ, ಸಹಾಯ ಕೇಳಿದ್ದರೆ ಪಕ್ಕಕ್ಕೆ ಹೋಗುತ್ತಿತ್ತು. ನಾನೇ ಹಾಗೆ ಸುಮಾರು ಅರ್ಜಿಗಳನ್ನು ಪಕ್ಕಕ್ಕೆ ಇಟ್ಟಿದ್ದೇನೆ. ಆ ಮಕ್ಕಳಿಗೆ ಹೋದದ್ದೂ ಅದೇ ನಾಲ್ಕು ಸಾಲು. ‘ನೀನು ಚೆನ್ನಾಗಿದ್ದೆ, ನಮ್ಮ ಹತ್ತಿರ ದುಡ್ಡಿರಲಿಲ್ಲ’ ಅಂತ ಯಾವ ಕಾಲೇಜೂ ಬರೆಯುವುದಿಲ್ಲ.

ಹಾಗಾದರೆ ಪ್ರಬಂಧದಲ್ಲಿ ತಪ್ಪಿತ್ತಾ? ನಾನು ಅದನ್ನು ಓದಿಲ್ಲ, ಚೆನ್ನಾಗಿತ್ತು ಅಂತ ಸುಮ್ನೆ ಹೇಳಲಾರೆ. ಆದರೆ ಒಂದು ಅರ್ಜಿಗೆ ನನಗೆ ಸಿಗುತ್ತಿದ್ದದ್ದು ಹತ್ತರಿಂದ ಹದಿನೈದು ನಿಮಿಷ. ಅದರಲ್ಲಿ ಅಂಕಪಟ್ಟಿ, ಟೀಚರ್ ಪತ್ರಗಳು, ಚಟುವಟಿಕೆಗಳು ಎಲ್ಲ. ಪ್ರಬಂಧ ಒಂದರಿಂದಲೇ ಅರ್ಜಿ ಬಿದ್ದದ್ದನ್ನು ನೋಡಿದ್ದು ತೀರಾ ಕಡಿಮೆ. ಒಮ್ಮೆ ಒಬ್ಬ ಹುಡುಗ ಬೇರೆ ಕಾಲೇಜಿನ ಹೆಸರು ಹಾಗೇ ಬಿಟ್ಟು ಕಳಿಸಿದ್ದ, ಅಂಥದ್ದು. ಅಜ್ಜಿಯ ಬಗ್ಗೆ ಬರೆದದ್ದಕ್ಕೆ ಯಾರೂ ಸೀಟು ತಪ್ಪಿಸುವುದಿಲ್ಲ.

ಕಾರಣ ಕೇಳಿ ಬರೆದರೆ ‘ಒಬ್ಬೊಬ್ಬರ ಬಗ್ಗೆ ವಿವರ ಕೊಡಲಾಗುವುದಿಲ್ಲ’ ಅಂತ ಇನ್ನೊಂದು ಸಿದ್ಧ ಉತ್ತರ ಬರುತ್ತದೆ. ಇನ್ನೊಮ್ಮೆ ಗಾಯ ಕೆರೆದುಕೊಂಡ ಹಾಗೆ. ತಮ್ಮ ಫೈಲ್ ನೋಡುವ ಹಕ್ಕು ಕೊಡುವ ಕಾನೂನು ಅಮೆರಿಕದಲ್ಲಿ 1974ರಿಂದ ಇದೆ. 2015ರಲ್ಲಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಅದನ್ನೇ ಹಿಡಿದು ತಮ್ಮ ಅಡ್ಮಿಷನ್ ಕಡತ ತರಿಸಿಕೊಂಡು ಓದಿದರು. ಆದರೆ ಅದು ಸೇರಿದವರಿಗೆ. ಸೀಟು ಸಿಗದವರಿಗೆ ಆ ಹಕ್ಕಿಲ್ಲ. ತಮಾಷೆ ಅಲ್ವಾ? ಕಾರಣ ಯಾರಿಗೆ ಬೇಕೋ ಅವರಿಗೆ ಬಿಟ್ಟು ಉಳಿದವರಿಗೆ.

ವೀಸಾದ ಚಿಂತೆ ಬಿಡಿ. ವೀಸಾ ಅರ್ಜಿಯಲ್ಲಿ ಹಿಂದೆ ವೀಸಾ ನಿರಾಕರಿಸಿದ್ದಾರಾ ಅಂತ ಕೇಳುತ್ತಾರೆ. ಎಷ್ಟು ಕಾಲೇಜು ಬೇಡ ಅಂದವು ಅಂತ ಕೇಳುವ ಕಾಲಂ ಇಲ್ಲ. ಮುಂದೆ ಎಂ.ಎಸ್.ಗೋ ಪಿಎಚ್‌.ಡಿ.ಗೋ ಹಾಕುವಾಗ ನೋಡುವುದು ಪದವಿಯಲ್ಲಿ ಏನು ಮಾಡಿದಳು ಅನ್ನುವುದನ್ನು.

ಏಜೆಂಟ್‌ಗೆ ಎರಡು ಲಕ್ಷ ಅಲ್ಲ, ಎರಡು ರೂಪಾಯಿಯನ್ನೂ ಕೊಡಬೇಡಿ. ಸ್ಟ್ಯಾನ್‌ಫರ್ಡ್‌ನಂಥ ಎಷ್ಟೋ ಕಾಲೇಜುಗಳು ಅಪೀಲನ್ನು ತೆಗೆದುಕೊಳ್ಳುವುದೇ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಸಿ) ಕ್ಯಾಂಪಸ್‌ಗಳಲ್ಲಿ ಅಪೀಲ್ ಉಂಟು, ಅದೂ ಅರ್ಜಿಯಲ್ಲಿ ಇಲ್ಲದ ಹೊಸ, ಗಟ್ಟಿಯಾದ ಸಂಗತಿ ಇದ್ದರೆ ಮಾತ್ರ. ವಿದ್ಯಾರ್ಥಿಯೇ ಆನ್‌ಲೈನ್‌ನಲ್ಲಿ ಹಾಕಬೇಕು. ಒಪ್ಪುವುದು ತೀರಾ ಅಪರೂಪ. ನಡುವೆ ಏಜೆಂಟ್‌ಗೆ ಜಾಗವೇ ಇಲ್ಲ. ಅವನು ಹಠ ಮಾಡಿದರೆ ಕೈಗೆ ಬರುವುದು ನಕಲಿ ಪತ್ರ. ಅದನ್ನು ಹಿಡಿದು ವೀಸಾ ಸಂದರ್ಶನಕ್ಕೆ ಹೋದರೆ ಆಗುವ ಹಾನಿ ಇಂಥ ನೂರು ತಿರಸ್ಕಾರ ಪತ್ರಗಳಿಂದಲೂ ಆಗುವುದಿಲ್ಲ.

ಈಗ ನಾನು ಗಮನಿಸಿದ ಒಂದು ವಿಷಯ ಹೇಳಲಾ ಮೇಡಂ? ಬೇಡ ಅಂದ ಕಾಲೇಜಿನ ಬಗ್ಗೆ ನಿಮ್ಮ ಪತ್ರದಲ್ಲಿ ಮುಕ್ಕಾಲು ಪುಟ ಇದೆ. ಬಾ ಅಂದ ಕಾಲೇಜಿಗೆ ಒಂದೇ ಸಾಲು. ಅದು ಯಾವ ಊರಿನಲ್ಲಿದೆ, ಎಷ್ಟು ಕೊಟ್ಟಿದ್ದಾರೆ, ಇನ್ನೆಷ್ಟು ಬೇಕು, ಏನೂ ಬರೆದಿಲ್ಲ. ಒರಟು ಪತ್ರ ಮಾಡುವ ದೊಡ್ಡ ಅನಾಹುತ ಇದೇ. ಮೇ 1ರ ಒಳಗೆ ಉತ್ತರ ಕೊಡಬೇಕಾದ ಒಳ್ಳೆಯ ಪತ್ರವನ್ನು ಅದು ಮರೆಸಿಬಿಡುತ್ತದೆ.

ನಿಮ್ಮ ಕೈಯಲ್ಲಿರುವ ನಿಜವಾದ ಅಪೀಲ್ ಇರುವುದು ಅಲ್ಲೇ. ಸೀಟು ಕೊಟ್ಟ ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿಗೆ ಮಗಳೇ ಬರೆಯಲಿ: ‘ಬರಬೇಕು ಅಂತ ಆಸೆ ಇದೆ, ಇಷ್ಟು ಕಡಿಮೆ ಬೀಳುತ್ತಿದೆ, ಇನ್ನೊಮ್ಮೆ ನೋಡಬಹುದಾ?’ ಜೊತೆಗೆ ದಾಖಲೆ ಇರಲಿ. ಅಜ್ಜಿಯನ್ನು ನೋಡಿಕೊಳ್ಳುವವರ ಸಂಬಳ, ಔಷಧಿಯ ಬಿಲ್ಲು, ಆಸ್ಪತ್ರೆ ಖರ್ಚು, ಅರ್ಜಿಯಲ್ಲಿ ತೋರಿಸದೇ ಹೋದದ್ದೆಲ್ಲ. ಹೊರದೇಶದವರಿಗೆ ಸಿಕ್ಕೇ ಸಿಗುತ್ತದೆ ಅಂತಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಸ್ವಲ್ಪ ಏರಿಸಿದ್ದಾರೆ, ಹಲವರಿಗೆ ಇಲ್ಲ ಅಂದಿದ್ದಾರೆ. ಆದರೆ ಕೇಳಿದ್ದಕ್ಕೆ ಯಾರೂ ಸೀಟು ಕಿತ್ತುಕೊಂಡಿಲ್ಲ.

ಕೊರತೆಯನ್ನು ಸಾಲದಿಂದ ತುಂಬುವ ಯೋಚನೆ ಇದ್ದರೆ ಒಂದು ರಾತ್ರಿ ಕೂತು ಲೆಕ್ಕ ಹಾಕಿ. ದುಬಾರಿ ಖಾಸಗಿ ಕಾಲೇಜುಗಳಲ್ಲಿ ವರ್ಷಕ್ಕೆ 80ರಿಂದ 90 ಸಾವಿರ ಡಾಲರ್, ನಾಲ್ಕು ವರ್ಷಕ್ಕೆ ಮೂರು ಕೋಟಿ ರೂಪಾಯಿಯ ಹತ್ತಿರ. ಅದರಲ್ಲಿ ಅವರು ಎಷ್ಟು ಬಿಡುತ್ತಾರೆ, ಆ ಮೊತ್ತ ನಾಲ್ಕೂ ವರ್ಷಕ್ಕಾ ಮೊದಲ ವರ್ಷಕ್ಕೆ ಮಾತ್ರವಾ, ಬರಹದಲ್ಲಿ ಕೇಳಿ. ಫೀಸು ಪ್ರತಿ ವರ್ಷ ಏರುತ್ತದೆ, ಡಾಲರ್ ಕೂಡ. ಮನೆ ಅಡವಿಟ್ಟು ಪದವಿಗೆ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಓದು ಮುಗಿದ ಕೂಡಲೇ ಅಲ್ಲೇ ಕೆಲಸ ಸಿಗುತ್ತದೆ, ತೀರಿಸುತ್ತಾಳೆ ಅನ್ನುವ ನಂಬಿಕೆ ಮೇಲೆ ಎತ್ತುವ ಸಾಲ ಅದು. ಆ ನಂಬಿಕೆ ಅವಳ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ.

ವೇಯ್ಟ್‌ಲಿಸ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡೂ ಕಡೆ ‘ಇರುತ್ತೇನೆ’ ಅಂತ ಒತ್ತಲಿ, ಜನವರಿಯಿಂದ ಈಚೆಗೆ ಏನು ಹೊಸದು ಅಂತ ಅರ್ಧ ಪುಟ ಬರೆಯಲಿ, ಅಲ್ಲಿಗೆ ಮರೆತುಬಿಡಲಿ. ಕೆಲವು ವರ್ಷ ಆ ಪಟ್ಟಿಯಿಂದ ಒಬ್ಬರನ್ನೂ ತೆಗೆದುಕೊಳ್ಳದ ಕಾಲೇಜುಗಳಿವೆ. ತೆಗೆದುಕೊಂಡರೂ ಸಹಾಯ ಕೇಳುವವರ ಸರದಿ ಕೊನೆಗೆ.

ಊರಲ್ಲೇ ಓದುವ ದಾರಿಯನ್ನು ಸೋತವರ ದಾರಿ ಅಂತ ನೋಡಬೇಡಿ. ಅವಳಿಗೆ ಬೇಕಾದದ್ದು ಜೀವಶಾಸ್ತ್ರ. ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆ ಐಎಟಿ ಇದೆ. ಅದರ ಮೇಲೆ ಬೆಂಗಳೂರಿನ ಐಐಎಸ್‌ಸಿಯ ನಾಲ್ಕು ವರ್ಷದ ಬಿ.ಎಸ್.ಗೂ ಪ್ರವೇಶ ಕೊಡುತ್ತಾರೆ. ಅರ್ಜಿಯ ಕೊನೆಯ ದಿನ ಯಾವುದು ಅಂತ ಇವತ್ತೇ ನೋಡಿ, ನಾಳೆಗೆ ಇಡಬೇಡಿ. ಅಜೀಂ ಪ್ರೇಮ್‌ಜಿ, ಅಶೋಕ ಥರದ ವಿಶ್ವವಿದ್ಯಾಲಯಗಳಲ್ಲೂ ಜೀವಶಾಸ್ತ್ರ ಇದೆ, ಸಹಾಯಧನವೂ ಇದೆ. ಇನ್ನೊಂದು ಮಾತು, ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅಮೆರಿಕದಲ್ಲಿ ವಿಜ್ಞಾನದ ಪಿಎಚ್‌.ಡಿ.ಗೆ ಸಾಮಾನ್ಯವಾಗಿ ಫೀಸು ಕಟ್ಟುವಂತಿಲ್ಲ, ಅವರೇ ತಿಂಗಳ ಖರ್ಚಿಗೆ ಕೊಡುತ್ತಾರೆ. ಈಗ ಕೋಟಿ ಕೇಳುವ ದೇಶವೇ ನಾಲ್ಕು ವರ್ಷದ ನಂತರ ದುಡ್ಡು ಕೊಟ್ಟು ಓದಿಸಬಹುದು. ಪೈಪೋಟಿ ಅಲ್ಲೂ ಇದೆ, ಆದರೆ ಅಲ್ಲಿ ನೋಡುವುದು ಲ್ಯಾಬಿನಲ್ಲಿ ಏನು ಮಾಡಿದೆ ಅನ್ನುವುದನ್ನು.

ಒಂದು ವರ್ಷ ಬಿಟ್ಟು ಮತ್ತೆ ಹಾಕುತ್ತೇನೆ ಅಂದರೆ ಬೇಡ ಅನ್ನುವುದಿಲ್ಲ. ಆದರೆ ಅದೇ ಪಟ್ಟಿ, ಅದೇ ಸಹಾಯಧನದ ಬೇಡಿಕೆ ಇಟ್ಟುಕೊಂಡು ಹಾಕಿದರೆ ಅದೇ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಆಗ ಜೊತೆಯವರೆಲ್ಲ ಎರಡನೇ ವರ್ಷದಲ್ಲಿರುತ್ತಾರೆ. ಅದನ್ನು ತಡೆದುಕೊಳ್ಳುತ್ತಾಳಾ ಅಂತ ಅವಳನ್ನೇ ಕೇಳಿ.

ಮನೆಯ ವಾತಾವರಣದ ಬಗ್ಗೆ ಒಂದೆರಡು ಮಾತು. ಐವಿ ಲೀಗ್ ಅನ್ನುವ ಹೆಸರಾಂತ ಗುಂಪಿನ ಎಂಟೂ ಕಾಲೇಜುಗಳು ಮಾರ್ಚ್ ಕೊನೆಯಲ್ಲಿ ಒಂದೇ ಸಂಜೆ ಫಲಿತಾಂಶ ಬಿಡುತ್ತವೆ. ಅಲ್ಲಿ ಸಂಜೆ ಏಳು, ಇಲ್ಲಿ ಬೆಳಗಿನ ಜಾವ ನಾಲ್ಕೂವರೆ. ಕೆಲವು ವರ್ಷದ ಹಿಂದೆ ಜಯನಗರದ ಒಂದು ಮನೆಯವರು ಆ ಹೊತ್ತಿಗೆ ನನ್ನನ್ನೂ ಕರೆದಿದ್ದರು. ತಾಯಿ ಸ್ನಾನ ಮಾಡಿ ದೇವರ ದೀಪ ಹಚ್ಚಿದ್ದರು, ಒಲೆ ಮೇಲೆ ಹಾಲು. ಸೀಟು ಸಿಕ್ಕರೆ ಸ್ಕ್ರೀನ್ ತುಂಬಾ ಬಣ್ಣದ ಕಾಗದದ ಚೂರು ಉದುರುತ್ತದೆ, ಹಾಡು ಬರುತ್ತದೆ ಅಂತ ಹುಡುಗನಿಗೆ ಗೊತ್ತಿತ್ತು. ಪುಟ ತೆರೆಯಿತು. ಬರೀ ಬಿಳಿ. ಅವನು ಒಂದು ಅಕ್ಷರವನ್ನೂ ಓದಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿ ಬಚ್ಚಲಿಗೆ ಹೋದ. ಹಾಲು ಉಕ್ಕಿ ಒಲೆಯೆಲ್ಲ ಚೆಲ್ಲಿತು. ಅವನಪ್ಪ ‘ಪತ್ರದಲ್ಲಿ ಏನು ಬರೆದಿದ್ದಾರೆ ಓದೋಣ’ ಅಂದರು. ನಾನು ಬೇಡ ಅಂದೆ. ಅದರಲ್ಲಿ ಏನೂ ಇರುವುದಿಲ್ಲ. ಹಾರ್ವರ್ಡ್ ಹಿಂದೊಮ್ಮೆ ಇಂಥ ಪತ್ರದಲ್ಲಿ, ಯಾವ ಕಾಲೇಜು ಅನ್ನುವುದಕ್ಕಿಂತ ಆ ನಾಲ್ಕು ವರ್ಷ ಏನು ಮಾಡುತ್ತೀರಿ ಅನ್ನುವುದು ಮುಖ್ಯ ಅನ್ನುವ ಅರ್ಥದ ಸಾಲು ಹಾಕಿತ್ತು. ಮಾತು ನಿಜ. ಆದರೆ ಹೊಟ್ಟೆ ತುಂಬಿದವರು ಉಪವಾಸದ ಮಹಿಮೆ ಹೇಳಿದ ಹಾಗಿತ್ತು.

ಹಾಗಾಗಿ ‘ಆಗಿದ್ದೆಲ್ಲ ಒಳ್ಳೆಯದಕ್ಕೆ’, ‘ನಾನು ಮೊದಲೇ ಹೇಳಿದ್ದೆ’ ಇವೆರಡನ್ನೂ ಸ್ವಲ್ಪ ದಿನ ಬದಿಗಿಡಿ. ನೆಂಟರ ವಾಟ್ಸಾಪ್ ಗ್ರೂಪಿಗೆ ಏನು ಹೇಳಬೇಕು ಅಂತ ಅವಳೇ ನಿರ್ಧರಿಸಲಿ. ಎರಡು ವಾರ ಕಳೆದರೂ ಊಟ, ನಿದ್ದೆ ಸರಿಹೋಗದಿದ್ದರೆ, ಬದುಕೇ ಬೇಡ ಅನ್ನುವಂಥ ಮಾತು ಒಂದೇ ಒಂದು ಸಲ ಬಂದರೂ, ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕಾಲೇಜಿಗೆ ಬರೆಯಲೇಬೇಕು ಅನಿಸಿದರೆ ಅವಳು ಬರೆಯಲಿ, ತಪ್ಪೇನಿಲ್ಲ. 2015ರಲ್ಲಿ ನಾರ್ತ್ ಕ್ಯಾರೊಲಿನಾದ ಒಬ್ಬ ಹುಡುಗಿ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ‘ನಿಮ್ಮ ತಿರಸ್ಕಾರವನ್ನು ನಾನು ತಿರಸ್ಕರಿಸಿದ್ದೇನೆ’ ಅನ್ನುವ ಧಾಟಿಯಲ್ಲಿ ಅವರದ್ದೇ ಭಾಷೆ ಬಳಸಿ ಉತ್ತರ ಬರೆದು ದೇಶವನ್ನೆಲ್ಲ ನಗಿಸಿದ್ದಳು. ಸೀಟು ಸಿಗಲಿಲ್ಲ, ಅವಳು ಬೇರೆ ಕಡೆ ಸೇರಿದಳು. ನಿಮ್ಮ ಮಗಳು ಅಷ್ಟು ದೂರ ಹೋಗಬೇಕಿಲ್ಲ. ‘ಹೆಸರಿಲ್ಲದ ಪತ್ರ ಬಂತು, ಮೂರು ದಿನದ ನಂತರ ಟೂರ್‌ಗೆ ಕರೆದಿರಿ, ಮುಂದಿನ ವರ್ಷ ಇನ್ನೊಬ್ಬರಿಗೆ ಹೀಗೆ ಮಾಡಬೇಡಿ’ ಅಂತ ಮೂರು ಸಾಲು ಸಾಕು. ಅಂಥ ಮೇಲ್‌ಗಳನ್ನು ಆಫೀಸಿನಲ್ಲಿ ಓದುತ್ತಾರೆ, ನಾವು ಓದುತ್ತಿದ್ದೆವು. ಆದರೆ ಮೊದಲು ಸಹಾಯಧನದ ಪತ್ರ ಹೋಗಲಿ, ಇದು ಆಮೇಲೆ.

ಆ ಟೂರ್ ಮೇಲ್‌ನ ತೀರಾ ಕೆಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ‘ಅನ್‌ಸಬ್‌ಸ್ಕ್ರೈಬ್’ ಅಂತ ಇರುತ್ತದೆ. ಅದನ್ನು ಅವಳ ಕೈಯಲ್ಲೇ ಒತ್ತಿಸಿ. ಇಲ್ಲದಿದ್ದರೆ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೆ.